ಐದು ಪಟ್ಟಿ, ನಾಲ್ಕು ಸಂದು

ಮೇಸ್ತ್ರಿ ಇನ್ನೂ ಸುತ್ತಿಗೆ ಮುಟ್ಟಿಲ್ಲ. ನೀವು ಕೊಡೆ ಮಡಿಸಿ ಶೆಡ್ಡಿನೊಳಗೆ ಬರುವಷ್ಟರಲ್ಲಿ ಅವರು ಲಾರಿಯಿಂದ ಹತ್ತು ಹೆಜ್ಜೆ ಹಿಂದೆ ಸರಿದು, ಬಾಗಿಲಿನ ಬೆಳಕಿಗೆ ಅಡ್ಡ ಬರದ ಹಾಗೆ ಗೋಡೆಗೊರಗಿ, ಒಂದು ಕಣ್ಣು ಮುಚ್ಚಿಕೊಂಡು ನೋಡುತ್ತಿದ್ದಾರೆ. ಚಿಕ್ಕಮಗಳೂರಿನಿಂದ ಕಡೂರಿಗೆ ಹೋಗುವ ರಸ್ತೆಯ ಬದಿ. ಆಷಾಢದ ಮಳೆ ತಗಡಿನ ಮಾಡಿನ ಮೇಲೆ ಒಂದೇ ಸಮನೆ ಬೀಳುತ್ತಿದೆ. ಮಾತು ಕೇಳಬೇಕೆಂದರೆ ದನಿ ಎತ್ತಬೇಕು, ಮೇಸ್ತ್ರಿ ಎತ್ತುವವರಲ್ಲ. ನಿಮ್ಮನ್ನು ಕೈಸನ್ನೆಯಿಂದ ಕರೆದು ತಾವು ನಿಂತ ಜಾಗದಲ್ಲೇ ನಿಲ್ಲಿಸುತ್ತಾರೆ.

“ಪಟ್ಟಿ ನೋಡಬೇಡಿ ಸಾರ್. ಮಧ್ಯದ ಸಂದು ನೋಡಿ.”

ನೋಡುತ್ತೀರಿ. ಎರಡು ಹೆಡ್‌ಲೈಟುಗಳ ನಡುವೆ, ಬಾನೆಟ್ಟಿನ ಕೆಳಗೆ, ಐದು ಅಡ್ಡಪಟ್ಟಿ. ನಿಮ್ಮ ಬಲಗಡೆ ಅವು ಒಂದರ ಕೆಳಗೊಂದು ಸಮಾನವಾಗಿ ಬಂದು, ತುದಿಯಲ್ಲಿ ಬಾಗಿ ಮಡ್‌ಗಾರ್ಡ್ ಸೇರುತ್ತವೆ. ಎಡಗಡೆ ಮಾತ್ರ ಬೇರೆ ಕತೆ. ಎರಡನೆಯ ಪಟ್ಟಿಗೂ ಮೂರನೆಯದಕ್ಕೂ ನಡುವೆ ಕೈ ತೂರುವಷ್ಟು ಬಾಯಿ ಬಿಟ್ಟಿದೆ. ಮೂರನೆಯದೂ ನಾಲ್ಕನೆಯದೂ ಒಂದಕ್ಕೊಂದು ತಾಗಿಕೊಂಡಿವೆ. ನಾಲ್ಕನೆಯದರ ತುದಿ ಬೋಲ್ಟಿನ ಹತ್ತಿರ ಹರಿದಿದೆ. ಇದರ ಹಿಂದೆ ಇನ್ನೊಂದು ಸಾಲು ತೆಳು ಪಟ್ಟಿಗಳಿವೆ, ಅವಕ್ಕೆ ಕೆನೆಬಿಳಿ ಬಣ್ಣ. ಮುಂದಿನದು ಹಸಿರು, ಹಿಂದಿನದು ಬಿಳಿ. ಹಾಗಾಗಿ ಮುಂದಿನ ಪಟ್ಟಿ ಎಳ್ಳಷ್ಟು ಆಚೀಚೆಯಾದರೂ ಹಿಂದಿನ ಬಿಳಿ ಅದನ್ನು ಎತ್ತಿ ತೋರಿಸುತ್ತದೆ. ಮೇಸ್ತ್ರಿ ಇಷ್ಟು ಹೊತ್ತು ನೋಡುತ್ತಿದ್ದುದು ಅದನ್ನೇ.

ಗಾಡಿ ಶೆವರ್ಲೆ, ಅರ್ಧ ಟನ್ನಿನ ಪಿಕಪ್. ಎಸ್ಟೇಟಿನಲ್ಲಿ ಇದಕ್ಕೆ ಸಣ್ಣ ಲಾರಿ ಎಂದೇ ಹೆಸರು. ವರ್ಷ ಯಾವುದೆಂದು ತಿಳಿಯಲು ಕಾಗದಪತ್ರ ಬೇಕಿಲ್ಲ, ಬಾಗಿಲು ನೋಡಿದರೆ ಸಾಕು. ಬಾಗಿಲ ಗಾಜಿನ ಮುಂದೆ ತಿರುಗಿಸಿ ತೆರೆಯುವ ಮುಕ್ಕೋನದ ಸಣ್ಣ ಗಾಜೊಂದಿದೆ. ಅದು ಈ ಸರಣಿಗೆ ಬಂದದ್ದು 1951ರಲ್ಲಿ. ಹಿಡಿಕೆ ಮಾತ್ರ ಹಳೆಯ ಥರದ್ದು, ಕೆಳಕ್ಕೆ ತಿರುಗಿಸಿ ತೆಗೆಯುವಂಥದ್ದು. ಗುಂಡಿ ಒತ್ತುವ ಹಿಡಿಕೆ ಬಂದದ್ದು 1952ರಲ್ಲಿ. ಎರಡರ ನಡುವೆ ಉಳಿಯುವುದು ಒಂದೇ ವರ್ಷ.

ಯುದ್ಧ ಮುಗಿದ ಮೇಲೆ ಜನರಲ್ ಮೋಟಾರ್ಸ್ ಹೊಸದಾಗಿ ರೂಪಿಸಿ 1947ರಲ್ಲಿ ಹೊರತಂದ ಲಾರಿಗಳ ಸರಣಿ ಇದು. ಐದು ಅಡ್ಡಪಟ್ಟಿಯ ಈ ಮೂತಿ 1953ರವರೆಗೆ ನಡೆಯಿತು, 1954ರಲ್ಲಿ ಬದಲಾಯಿತು. ನಮ್ಮ ದೇಶದ ಮಟ್ಟಿಗೆ ಆ ವರ್ಷ ಮೂತಿಯಷ್ಟೇ ಬದಲಾದದ್ದಲ್ಲ. ಮುಂಬೈಯ ಶಿವಡಿಯಲ್ಲಿ 1928ರಿಂದ ಬಿಡಿಭಾಗ ತರಿಸಿ ಜೋಡಿಸುತ್ತಿದ್ದ ಜನರಲ್ ಮೋಟಾರ್ಸ್ ಕಾರ್ಖಾನೆ 1954ರಲ್ಲಿ ಬಾಗಿಲು ಹಾಕಿತು. ಇಲ್ಲೇ ತಯಾರಿಸುವವರಿಗೆ ಮಾತ್ರ ಅವಕಾಶ, ಬರೀ ಜೋಡಿಸುವವರಿಗಿಲ್ಲ ಎಂದು ಸರ್ಕಾರ ನೀತಿ ಬಿಗಿ ಮಾಡಿದ್ದ ಕಾಲ. ಅದೇ 1954ರಲ್ಲಿ ಜಮ್‌ಶೆಡ್‌ಪುರದಿಂದ ಟಾಟಾ ಮರ್ಸಿಡಿಸ್ ಬೆಂಜ್ ಲಾರಿಗಳು ಹೊರಟವು. ಅಲ್ಲಿಂದಾಚೆಗೆ ಶೆವರ್ಲೆ ಇಟ್ಟುಕೊಂಡವರಿಗೆ ಬಿಡಿಭಾಗವೆಂದರೆ ಒಂದೋ ಗುಜರಿ, ಇಲ್ಲವೇ ಟಿಂಕರಿಂಗ್ ಶೆಡ್ಡು.

ಗೌಡರು ಮೂಲೆಯ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದಾರೆ. ಅವರ ತಂದೆಯ ಕಾಲದ ಗಾಡಿ. ಆಗಿದ್ದೇನೆಂದು ಕೇಳಿದರೆ ಚಿಕ್ಕದಾಗಿ ಹೇಳುತ್ತಾರೆ: “ತೊಳೆಯೋಕೆ ಅಂತ ಹೊರಗೆ ತಂದಿದ್ವು ಮಾರಾಯ್ರೆ. ಚಕ್ರಕ್ಕೆ ಅಡೆ ಇಟ್ಟಿದ್ದ ಕಲ್ಲು ಜಾರ್ತು. ಹ್ಯಾಂಡ್‌ಬ್ರೇಕ್ ಹಿಡೀಲಿಲ್ಲ. ಇಳಿಜಾರು ನೋಡಿ, ತನ್ನಷ್ಟಕ್ಕೆ ಹೋಗಿ ಕಣದ ಗೇಟಿನ ಕಲ್ಲುಕಂಬಕ್ಕೆ ಮೂತಿ ಕೊಟ್ಟು ನಿಂತಿದೆ.” ರೇಡಿಯೇಟರ್ ಉಳಿದದ್ದೇ ಪುಣ್ಯ. ಒಳಕ್ಕೆ ಹೋದ ಪಟ್ಟಿಗೂ ರೇಡಿಯೇಟರಿನ ತೆಳು ರೆಕ್ಕೆಗಳಿಗೂ ನಡುವೆ ಈಗ ಒಂದು ಬೆರಳು ತೂರೀತು, ಎರಡು ತೂರದು.

“ಅಮೆರಿಕದಲ್ಲಿ ಇದರ ಗ್ರಿಲ್ ಹೊಸದಾಗಿ ಮಾಡಿ ಮಾರ್ತಾರಂತಲ್ಲ ಮೇಸ್ತ್ರಿ. ಮಗ ಫೋನಲ್ಲಿ ತೋರಿಸಿದ.”

“ತರಿಸಿ ಗೌಡ್ರೆ, ಬೇಡ ಅನ್ನಲ್ಲ. ಹಡಗಿನ ಬಾಡಿಗೆ, ಸುಂಕ ಎಲ್ಲಾ ಕಟ್ಟಿ ತರಿಸ್ತೀರಿ. ಆಮೇಲೆ ಅದರ ತೂತು ಇದರ ತೂತಿಗೆ ಕೂರಬೇಕಲ್ಲ? ಎಪ್ಪತ್ತು ವರ್ಷದಲ್ಲಿ ಈ ಮಡ್‌ಗಾರ್ಡು ಎಲ್ಲೆಲ್ಲಿ ಬಾಗಿದೆಯೋ ಇದರ ಗ್ರಿಲ್ಲೂ ಹಾಗೇ ಬಾಗಿ ಹೊಂದ್ಕೊಂಡಿದೆ. ಹೊಸದು ಹಾಕಿದರೆ ಗ್ರಿಲ್ ನೆಟ್ಟಗಿರುತ್ತೆ, ಗಾಡಿ ಸೊಟ್ಟ ಕಾಣುತ್ತೆ.”

ಗೌಡರಿಗೆ ಬೇರೊಂದು ಲೆಕ್ಕವೂ ಇದೆ. ಐವತ್ತು ವರ್ಷ ದಾಟಿದ ಸ್ವಂತ ಬಳಕೆಯ ವಾಹನಗಳನ್ನು ವಿಂಟೇಜ್ ಎಂದು ನೋಂದಾಯಿಸುವ ಕೇಂದ್ರದ ನಿಯಮ 2021ರಲ್ಲಿ ಬಂತು. ನಂಬರ್ ಪ್ಲೇಟಿನಲ್ಲಿ ‘ವಿ.ಎ.’ ಎಂಬ ಎರಡು ಅಕ್ಷರ ಸಿಗಬೇಕಾದರೆ ಚಾಸಿ, ಬಾಡಿ, ಎಂಜಿನ್ ಮೂಲ ರೂಪದಲ್ಲೇ ಇರಬೇಕು. ಪೆಟ್ರೋಲ್ ದುಬಾರಿಯಾದಾಗ ಎಷ್ಟೋ ಹಳೆಯ ಗಾಡಿಗಳಿಗೆ ಡೀಸೆಲ್ ಎಂಜಿನ್ ಬಂದು ಕೂತಿತು. ಇದರಲ್ಲಿ ಮಾತ್ರ ಮೂರೂವರೆ ಲೀಟರಿನ ಆರು ಸಿಲಿಂಡರ್ ಪೆಟ್ರೋಲ್ ಎಂಜಿನ್ನೇ ಇದೆ. ಅಷ್ಟೆಲ್ಲ ಉಳಿಸಿಕೊಂಡು ಮೂತಿಯನ್ನು ಬದಲಾಯಿಸಲು ಅವರಿಗೂ ಮನಸ್ಸಿಲ್ಲ. ಆಯಿತು ಬಿಚ್ಚಿ ಎನ್ನುತ್ತಾರೆ.

ಹುಡುಗ 12 ಎಂ.ಎಂ. ಸ್ಪ್ಯಾನರ್ ತರುತ್ತಾನೆ. ಮೇಸ್ತ್ರಿ ಅದನ್ನು ಅವನ ಕೈಯಿಂದಲೇ ಹಿಂದಕ್ಕೆ ಕಳಿಸುತ್ತಾರೆ. “ಲೋ, ಇದು ಇಂಚಿನ ಗಾಡಿ.” ಕಾಲಿಂಚಿನ ಬೋಲ್ಟು, 7/16ರ ಸ್ಪ್ಯಾನರ್. ಮಿಲಿಮೀಟರಿನದ್ದು ಹಾಕಿದರೆ ಸಡಿಲಾಗಿ ಜಾರುತ್ತದೆ, ನಟ್ಟಿನ ಮೂಲೆ ಸವೆದು ದುಂಡಗಾದರೆ ಆಮೇಲೆ ಅದು ಯಾರ ಮಾತೂ ಕೇಳುವುದಿಲ್ಲ. ನೀವೂ ಬಗ್ಗಿ ಬಾನೆಟ್ಟಿನ ಕೆಳಗೆ ತಲೆ ಹಾಕುತ್ತೀರಿ. ತುಕ್ಕು, ಗ್ರೀಸು, ಒಣಗಿದ ಎಲೆಯ ಪುಡಿ, ಇಲಿಯ ಗೂಡಿನ ವಾಸನೆ. ಮೊದಲ ನಟ್ಟು ಬರುತ್ತದೆ. ಎರಡನೆಯದು ಬರುವುದಿಲ್ಲ. ಮೇಸ್ತ್ರಿ ರೇಡಿಯೇಟರಿಗೆ ತಗಡು ಅಡ್ಡ ಹಿಡಿಸಿ, ನಟ್ಟಿಗೆ ಗ್ಯಾಸಿನ ಉರಿ ತೋರಿಸುತ್ತಾರೆ. ಮಂದ ಕೆಂಪಾದೊಡನೆ ಉರಿ ತೆಗೆದು, ಸ್ವಲ್ಪ ಆರಲು ಬಿಟ್ಟು, ಮೇಣದಬತ್ತಿಯ ತುಂಡನ್ನು ಅದಕ್ಕೆ ಒತ್ತುತ್ತಾರೆ. ಮೇಣ ಕರಗಿ ಎಳೆಎಳೆಯಾಗಿ ಮರೆಯೊಳಗೆ ಇಳಿಯುತ್ತದೆ. ಸ್ಪ್ಯಾನರನ್ನು ಬಿಚ್ಚುವ ಕಡೆಗಲ್ಲ, ಮೊದಲು ಬಿಗಿಯುವ ಕಡೆಗೆ ಕೂದಲೆಳೆಯಷ್ಟು ತಿರುಗಿಸುತ್ತಾರೆ. ಕಿರ್ ಎಂದು ತುಕ್ಕು ಬಿಡುತ್ತದೆ. ಆಮೇಲೆ ಹಿಂದಕ್ಕೆ.

ಗ್ರಿಲ್ ಹೊರಗೆ ಬಂದು ಬೆಂಚಿನ ಮೇಲೆ ಬೆನ್ನು ಮೇಲಾಗಿ ಮಲಗಿದಾಗ ಅದರ ನಿಜವಾದ ಚರಿತ್ರೆ ಕಾಣುತ್ತದೆ. ಪಟ್ಟಿ ಎಂದರೆ ಘನವಾದ ಕಂಬಿಯಲ್ಲ. ಮಿಲಿಮೀಟರಿಗಿಂತ ಸ್ವಲ್ಪ ದಪ್ಪದ ಉಕ್ಕಿನ ತಗಡನ್ನು ಅಚ್ಚಿನಲ್ಲಿ ಒತ್ತಿ, ಮುಂದೆ ಉಬ್ಬಿಸಿ, ಎರಡಂಚೂ ಹಿಂದಕ್ಕೆ ಮಡಿಸಿದ್ದು. ಬಲವಿರುವುದು ಆ ಮಡಿಕೆಯಲ್ಲಿ. ನಾಲ್ಕನೆಯ ಪಟ್ಟಿಯ ಹರಿದ ತುದಿಯನ್ನು ಮೇಸ್ತ್ರಿ ತಂತಿ ಬ್ರಷ್ಷಿನಲ್ಲಿ ತಿಕ್ಕುತ್ತಾರೆ. ಹಸಿರಿನಡಿಯಿಂದ ಹಳದಿ ಮಿಂಚುತ್ತದೆ. ಪಿತ್ತಾಳೆ. ಯಾವುದೋ ಕಾಲದಲ್ಲಿ, ಯಾವುದೋ ಊರಿನಲ್ಲಿ ಇದೇ ಜಾಗ ಬಿರಿದಿತ್ತು, ಯಾರೋ ಪಿತ್ತಾಳೆ ಕರಗಿಸಿ ಅಂಟಿಸಿದ್ದರು. ಅಂಟು ಗಟ್ಟಿಯಾಗಿಯೇ ಇದೆ. ಹರಿದಿರುವುದು ಅದರ ಪಕ್ಕದ ಉಕ್ಕು. ಯಾಕೆ ಹರಿಯಿತು ಎಂಬುದೂ ಅಲ್ಲೇ ಇದೆ. ಬೋಲ್ಟಿನ ಕೆಳಗಿರಬೇಕಿದ್ದ ಮೆತ್ತೆ ಎಂದೋ ಪುಡಿಯಾಗಿ ಹೋಗಿ, ತಗಡು ತಗಡಿಗೇ ತಾಗಿ, ಘಟ್ಟದ ದಾರಿಯುದ್ದಕ್ಕೂ ನಡುಗಿ ನಡುಗಿ ಸುಸ್ತಾಗಿದೆ.

“ಇದನ್ನ ಪೂರ್ತಿ ತೆಗೀಬೇಕು,” ಎನ್ನುತ್ತಾರೆ ಮೇಸ್ತ್ರಿ. ಪಿತ್ತಾಳೆ 900 ಡಿಗ್ರಿಯ ಆಸುಪಾಸಿನಲ್ಲೇ ನೀರಾಗುತ್ತದೆ; ಉಕ್ಕಿಗೆ 1,500ರ ಹತ್ತಿರ ಬೇಕು. ಚೂರು ಪಿತ್ತಾಳೆ ಉಳಿದರೂ ಬೆಸುಗೆ ಹಾಕುವಾಗ ಅದು ಮೊದಲೇ ಕರಗಿ ಉಕ್ಕಿನೊಳಗೆ ನುಸುಳುತ್ತದೆ, ಆರುವಾಗ ಅಲ್ಲೇ ಬಿರುಕು. ಗ್ರೈಂಡರ್ ಹಿಡಿದು ಹಳದಿ ಎಂಬುದು ಕಣ್ಣಿಗೆ ಬೀಳದವರೆಗೂ ಉಜ್ಜುತ್ತಾರೆ.

ಸುತ್ತಿಗೆಯ ಸರದಿ ಬರುವ ಮೊದಲು ಇನ್ನೊಂದು ಕೆಲಸ. ಬಲಗಡೆಯ ಒಳ್ಳೆಯ ಭಾಗಕ್ಕೆ ರಟ್ಟು ಒತ್ತಿ ಹಿಡಿದು, ಅದರ ಉಬ್ಬನ್ನು ಪೆನ್ಸಿಲಿನಿಂದ ಬರೆದುಕೊಂಡು, ಕತ್ತರಿಸಿ, ಹಿಂದುಮುಂದು ಮಾಡುತ್ತಾರೆ. ಎಡಗಡೆಗೆ ಅಚ್ಚು ಸಿಕ್ಕಿತು. ಕಾರ್ಖಾನೆಯ ನಕ್ಷೆ ಯಾರಲ್ಲಿದೆಯೋ, ಅರ್ಧ ನಕ್ಷೆ ಗಾಡಿಯಲ್ಲೇ ಇದೆ.

ಈಗ ಸುತ್ತಿಗೆ. ಎಲ್ಲಿ ಆಳವಾಗಿ ತಗ್ಗಾಗಿದೆಯೋ ಅಲ್ಲಿಗೇ ಹೊಡೆಯುತ್ತಾರೆಂದು ನೀವು ಕಾಯುತ್ತೀರಿ. ಮೇಸ್ತ್ರಿ ಅದರ ಹತ್ತಿರವೂ ಹೋಗುವುದಿಲ್ಲ. ಮೂರನೆಯ ಪಟ್ಟಿಯ ತುದಿಯಲ್ಲಿ, ಪೆಟ್ಟು ಬಿದ್ದ ಜಾಗದಿಂದ ದೂರದಲ್ಲಿ, ನಿಮ್ಮ ಕಣ್ಣಿಗೆ ಬೀಳದ ಒಂದು ಸಣ್ಣ ಮಡಿಕೆಯಿದೆ, ಅಲ್ಲಿಂದ ಶುರು. ಕಂಬ ಮೊದಲು ಮುಟ್ಟಿದ್ದು ಮಧ್ಯಕ್ಕೆ. ಮಧ್ಯ ಒಳಕ್ಕೆ ಹೋದ ಮೇಲೆ ತುದಿ ಮಡಿಸಿದ್ದು. ಕೊನೆಗೆ ಆದದ್ದನ್ನು ಮೊದಲು ಬಿಡಿಸಬೇಕು. ಮಡಿಕೆಯಾದಲ್ಲಿ ಉಕ್ಕು ಗಡುಸಾಗಿ ಮಿಕ್ಕಿದ್ದನ್ನೆಲ್ಲ ಹಿಡಿದುಕೊಂಡಿರುತ್ತದೆ; ಅದನ್ನು ಬಿಡದೆ ಮಧ್ಯದ ತಗ್ಗಿಗೆ ಹೊಡೆದರೆ ತಗ್ಗು ಎದ್ದೇಳುವುದಿಲ್ಲ, ತಗ್ಗಿನ ಪಕ್ಕದಲ್ಲಿ ಇನ್ನೊಂದು ಉಬ್ಬು ಹುಟ್ಟುತ್ತದೆ.

ಹತ್ತಿರ ಬಂದು ಕೈಗಳನ್ನು ನೋಡಿ. ಎಡಗೈಯಲ್ಲಿ ಡಾಲಿ, ಅಂಗೈ ತುಂಬುವ ಉಕ್ಕಿನ ಗಟ್ಟಿ, ಒಂದು ಮುಖ ಚಪ್ಪಟೆ, ಇನ್ನೊಂದು ಮುಖ ದುಂಡಗೆ. ಅದನ್ನು ಪಟ್ಟಿಯ ಒಳಗಡೆ ತಗ್ಗಿನ ಬೆನ್ನಿಗೆ ಒತ್ತಿ ಹಿಡಿದಿದ್ದಾರೆ. ಬಲಗೈಯ ಸುತ್ತಿಗೆ ಬೀಳುವುದು ಡಾಲಿಯ ಮೇಲಲ್ಲ, ಅರ್ಧ ಇಂಚು ಪಕ್ಕದ ಉಬ್ಬಿನ ಮೇಲೆ. ಉಬ್ಬು ಇಳಿಯುತ್ತದೆ, ಆ ಪೆಟ್ಟಿಗೇ ಎಡಗೈಯ ಡಾಲಿ ತಗ್ಗನ್ನು ಮೇಲಕ್ಕೆತ್ತುತ್ತದೆ. ಸದ್ದು ಮೊಂಡಾಗಿ ‘ದಪ್, ದಪ್’ ಎನ್ನುತ್ತಿದೆ. ನಡುವೆ ಒಂದು ಸಲ ‘ಟಣ್’ ಎಂದಿತು ನೋಡಿ, ಮೇಸ್ತ್ರಿ ತಟ್ಟನೆ ಕೈ ನಿಲ್ಲಿಸಿದರು. ಸುತ್ತಿಗೆ ಡಾಲಿಯ ನೇರಕ್ಕೆ ಬಿತ್ತು. ಎರಡು ಉಕ್ಕುಗಳ ನಡುವೆ ಸಿಕ್ಕ ತಗಡು ತೆಳುವಾಗುತ್ತದೆ, ತೆಳುವಾದರೆ ಅಗಲವಾಗುತ್ತದೆ, ಅಗಲವಾದದ್ದಕ್ಕೆ ಹೋಗಲು ಜಾಗವಿಲ್ಲ. ಮಳೆಯ ಸದ್ದಿನಲ್ಲೂ ಅವರು ಈ ವ್ಯತ್ಯಾಸವನ್ನು ಕಿವಿಯಿಂದಲೇ ಹಿಡಿಯುತ್ತಾರೆ.

ಹುಡುಗ ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿ ಎಲ್ಲರಿಗೂ ಕೊಡುತ್ತಾನೆ. ಗೌಡರದ್ದೇ ತೋಟದ ಪುಡಿಯಂತೆ.

ಇಷ್ಟಾದರೂ ಮೂರನೆಯ ಪಟ್ಟಿಯ ನಡುವೆ ಒಂದು ಕಡೆ ಹೆಬ್ಬೆರಳಿನಿಂದ ಒತ್ತಿದರೆ ಎಣ್ಣೆಡಬ್ಬಿಯ ತಳದ ಹಾಗೆ ‘ಟಪ್’ ಎಂದು ಒಳಕ್ಕೆ ಹೋಗಿ, ಬಿಟ್ಟರೆ ‘ಟಪ್’ ಎಂದು ಹೊರಕ್ಕೆ ಬರುತ್ತದೆ. ಕಂಬದ ಪೆಟ್ಟಿಗೆ ಅಲ್ಲಿ ತಗಡು ಹಿಗ್ಗಿದೆ. ಹೆಚ್ಚಾದ ಉಕ್ಕನ್ನು ಕತ್ತರಿಸುವ ಹಾಗಿಲ್ಲ, ಕುಗ್ಗಿಸಬೇಕು. ಕಪ್ಪು ಸಿಲಿಂಡರಿನಿಂದ ಆಮ್ಲಜನಕ, ಕಂದುಗೆಂಪಿನದರಿಂದ ಅಸಿಟಿಲಿನ್. ಮೇಸ್ತ್ರಿ ಉರಿಯನ್ನು ಸಣ್ಣ ಮಾಡಿ ಉಬ್ಬಿನ ನೆತ್ತಿಯಲ್ಲಿ ನಾಲ್ಕಾಣೆ ಅಗಲದ ಜಾಗವನ್ನು ಮಾತ್ರ ಕಾಯಿಸುತ್ತಾರೆ. ನೀಲಿ, ಆಮೇಲೆ ಮಂದ ಕೆಂಪು, ಆಮೇಲೆ ಕೆಂಡದ ಕೆಂಪು. ಕಾದ ಜಾಗ ಹಿಗ್ಗಲು ನೋಡುತ್ತದೆ, ಸುತ್ತಲ ತಣ್ಣನೆಯ ಉಕ್ಕು ಬಿಡುವುದಿಲ್ಲ, ಅದು ಮೆತ್ತಗಾಗಿ ತನ್ನಲ್ಲೇ ದಪ್ಪವಾಗುತ್ತದೆ. ಉರಿ ತೆಗೆದದ್ದೇ ಸುತ್ತಿಗೆಯಿಂದ ಸುತ್ತ ನಾಲ್ಕು ತಟ್ಟು, ಕೂಡಲೇ ಒದ್ದೆ ಬಟ್ಟೆ. ಚುಸ್ಸೆಂದು ಆವಿ ಮುಖಕ್ಕೆ ಬಡಿಯುತ್ತದೆ. ಆರುವಾಗ ಆ ಜಾಗ ತನ್ನ ಸುತ್ತಲಿನದ್ದನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಈಗ ಹೆಬ್ಬೆರಳು ಒತ್ತಿ. ಏನೂ ಅಲುಗುವುದಿಲ್ಲ.

ಹರಿದ ತುದಿಗೂ ಗ್ಯಾಸ್ ಬೆಸುಗೆಯೇ. ಶೆಡ್ಡಿನಲ್ಲಿ ಸಿ.ಒ.2 ಮೆಷಿನ್ ಇಲ್ಲದೆ ಇಲ್ಲ, ಹೊಸ ಗಾಡಿಗಳಿಗೆ ದಿನವಿಡೀ ಅದೇ ಓಡುತ್ತದೆ. ಆದರೆ ಅದರ ಬೆಸುಗೆ ಗಡುಸು, ಸುತ್ತಿಗೆಯ ಮಾತು ಕೇಳುವುದಿಲ್ಲ. ಗ್ಯಾಸಿನದ್ದು ನಿಧಾನ, ಶಾಖ ಹೆಚ್ಚು ಹರಡುತ್ತದೆ, ಆದರೆ ಬೆಸುಗೆ ಮೆತ್ತಗಿರುತ್ತದೆ. ತಟ್ಟಿ ತಟ್ಟಿ ತಗಡಿನ ಜತೆ ಒಂದು ಮಾಡಬಹುದು. ತಾಮ್ರದ ಲೇಪವಿರುವ ತೆಳು ಉಕ್ಕಿನ ತಂತಿ ಒಂದು ಕೈಯಲ್ಲಿ, ಉರಿ ಇನ್ನೊಂದರಲ್ಲಿ. ನಿಮಗೂ ಒಂದು ಕಪ್ಪು ಕನ್ನಡಕ ಸಿಗುತ್ತದೆ. ಅದರೊಳಗಿಂದ ಕಾಣುವುದು ಮಳೆಯಲ್ಲ, ಶೆಡ್ಡಲ್ಲ, ಒಂದು ಮಿನುಗುವ ಹನಿ ಮಾತ್ರ. ಅದು ಬಿರುಕಿನ ಎರಡೂ ದಡ ಮುಟ್ಟಿದಾಗ ತಂತಿ ಅದ್ದುತ್ತಾರೆ, ಒಂದಿಷ್ಟು ಮುಂದೆ ಸರಿಯುತ್ತಾರೆ, ಮತ್ತೆ ಅದ್ದುತ್ತಾರೆ.

ಆಮೇಲೆ ಅರ. ಪಟ್ಟಿಯುದ್ದಕ್ಕೂ ಓರೆಯಾಗಿ ಅರ ಆಡಿಸಿದರೆ ಉಬ್ಬಿದ ಜಾಗ ಬೆಳ್ಳಗೆ ಹೊಳೆಯುತ್ತದೆ, ತಗ್ಗು ಕಪ್ಪಾಗಿಯೇ ಉಳಿಯುತ್ತದೆ. ಕಪ್ಪು ಕಂಡಲ್ಲಿ ಒಳಗಿನಿಂದ ಒಂದು ತಟ್ಟು, ಮತ್ತೆ ಅರ. ಕಪ್ಪೆಲ್ಲ ಹೋಗಬೇಕೆಂದು ಉಜ್ಜುತ್ತಲೇ ಇದ್ದರೆ ತಗಡೇ ಹೋದೀತು. ಎಲ್ಲಿ ನಿಲ್ಲಿಸಬೇಕೋ ಅಲ್ಲಿ ಮೇಸ್ತ್ರಿ ನಿಲ್ಲಿಸುತ್ತಾರೆ. ಉಳಿದ ಕೂದಲೆಳೆಯಷ್ಟು ತಗ್ಗಿಗೆ ಪುಟ್ಟಿ ಸಾಕು.

ಗೌಡರು ಎದ್ದು ಬಂದು ಕೈಯಾಡಿಸುತ್ತಾರೆ. “ಚೆನ್ನಾಗ್ ಬಂತು. ಇದಕ್ಕೆ ಕ್ರೋಮ್ ಮಾಡಿಸಿಬಿಡೋಣವಾ? ಬೆಂಗಳೂರಿಗೆ ಕಳಿಸಿದ್ರೆ ಪೀಣ್ಯದಲ್ಲಿ ಮಾಡಿಕೊಡ್ತಾರೆ. ಫೋಟೋದಲ್ಲೆಲ್ಲ ಇದು ಫಳಫಳ ಅಂತಿರುತ್ತೆ.”

ಮೇಸ್ತ್ರಿ ಉತ್ತರ ಕೊಡದೆ ಉಪ್ಪುಕಾಗದ ತೆಗೆದುಕೊಂಡು, ಯಾರೂ ಮುಟ್ಟಿರದ ಬಲತುದಿಯ ಹಿಂಬದಿಯಲ್ಲಿ ರೂಪಾಯಿಯಗಲ ಜಾಗವನ್ನು ಉಜ್ಜುತ್ತಾರೆ. ಮೇಲಿನ ಹಸಿರು, ಅದರಡಿ ಇನ್ನೊಂದು ಗಾಢ ಹಸಿರು, ಅದರಡಿ ಪ್ರೈಮರ್, ಆಮೇಲೆ ಉಕ್ಕು. ಕ್ರೋಮ್ ಮಾಡಿದ್ದರೆ ಅದರಡಿ ನಿಕಲ್ ಸಿಗಬೇಕಿತ್ತು. ಎಲ್ಲಿದೆ? ಇದು ಹುಟ್ಟಿದಾಗಿನಿಂದ ಬಣ್ಣದ ಗ್ರಿಲ್ಲೇ. 1951 ಎಂದರೆ ಕೊರಿಯಾ ಯುದ್ಧದ ಕಾಲ, ಅಮೆರಿಕದಲ್ಲಿ ನಿಕಲ್ಲಿಗೆ ನಿರ್ಬಂಧವಿತ್ತು; ಕ್ರೋಮ್ ಬೇಕೆಂದರೂ ಸುಲಭಕ್ಕೆ ಸಿಗದ ವರ್ಷ ಅದು. ಫೋಟೋದ ಫಳಫಳ ಹೆಚ್ಚು ದುಡ್ಡು ಕೊಟ್ಟು ತೆಗೆದುಕೊಂಡವರದ್ದು.

“ಕ್ರೋಮ್ ಪುಟ್ಟಿ ಮೇಲೆ ನಿಲ್ಲಲ್ಲ ಗೌಡ್ರೆ. ಸುತ್ತಿಗೆಯ ಒಂದೊಂದು ಗುರುತನ್ನೂ ಊರಿಗೆಲ್ಲ ಹೇಳುತ್ತೆ. ಬಣ್ಣ ಹಾಕೋಣ. ಅದು ಮೊದಲಿಂದ ಹೇಗಿತ್ತೋ ಹಾಗೆ.”

ಗೌಡರು ಉಜ್ಜಿದ ಜಾಗವನ್ನೇ ನೋಡುತ್ತಾ ನಿಂತು, ಕೊನೆಗೆ ತಲೆಯಾಡಿಸುತ್ತಾರೆ.

ಬಣ್ಣ ಒಣಗಲು ಬಿಸಿಲು ಬೇಕು, ಆಷಾಢದಲ್ಲಿ ಬಿಸಿಲು ಕೇಳುವ ಹಾಗಿಲ್ಲ. ಮಳೆ ಹೊಳವಾದ ಒಂದು ಮಧ್ಯಾಹ್ನ ಮತ್ತೆ ಬನ್ನಿ. ತುಕ್ಕು ತೆಗೆಯುವ ಆಸಿಡ್, ಪ್ರೈಮರ್, ತೆಳುವಾಗಿ ಪುಟ್ಟಿ, ವಾಟರ್ ಪೇಪರ್, ಮತ್ತೆ ಪ್ರೈಮರ್, ಗಾಢ ಹಸಿರು, ಎಲ್ಲ ಮುಗಿದಿದೆ. ಐದೂ ಪಟ್ಟಿ ಗಾಡಿಯ ಮೇಲಿವೆ, ಬೋಲ್ಟುಗಳನ್ನು ಬೆರಳಿನಿಂದಷ್ಟೇ ತಿರುಗಿಸಿ ಬಿಟ್ಟಿದ್ದಾರೆ. ಒಂದೊಂದು ಬೋಲ್ಟಿನ ಕೆಳಗೂ ಹಳೆಯ ಟ್ಯೂಬಿನಿಂದ ಕತ್ತರಿಸಿದ ರಬ್ಬರ್ ಬಿಲ್ಲೆ, ಎಂದೋ ಪುಡಿಯಾಗಿದ್ದ ಮೆತ್ತೆಯ ಬದಲಿಗೆ. ಹುಡುಗ ಒಂದೇ ದಪ್ಪಕ್ಕೆ ಸೀಳಿದ ಮರದ ತುಂಡುಗಳನ್ನು ನಾಲ್ಕೂ ಸಂದುಗಳಲ್ಲಿ, ಎರಡೂ ಬದಿಗೆ, ಬಟ್ಟೆ ಸುತ್ತಿ ತೂರಿಸುತ್ತಿದ್ದಾನೆ. ಮಧ್ಯದಿಂದ ಹೊರಕ್ಕೆ ಒಂದೊಂದೇ ಬೋಲ್ಟು ಬಿಗಿಯಾಗುತ್ತದೆ. ತುಂಡುಗಳನ್ನು ತೆಗೆಯುತ್ತಾರೆ. ಟೇಪು ಹಿಡಿದರೆ ನಾಲ್ಕೂ ಸಂದು ಎಲ್ಲೆಡೆ ಒಂದೇ.

ಮೇಸ್ತ್ರಿ ಹತ್ತು ಹೆಜ್ಜೆ ಹಿಂದೆ ಹೋಗುತ್ತಾರೆ. ಒಂದು ಕಣ್ಣು ಮುಚ್ಚುತ್ತಾರೆ. “ಸರಿ ಇಲ್ಲ,” ಎನ್ನುತ್ತಾರೆ.

ಅಳತೆಗೆ ಸರಿಯಾದದ್ದು ಕಣ್ಣಿಗೆ ಸರಿಯಿಲ್ಲ. ನೀವೂ ಹೋಗಿ ನಿಂತರೆ ಕಾಣುತ್ತದೆ. ಬಾನೆಟ್ಟಿನ ಅಂಚು ಎಡಕ್ಕೆ ಒಂದು ನೂಲಿನಷ್ಟು ವಾಲಿದೆ. ಅದು ಈ ಪೆಟ್ಟಿನದ್ದಲ್ಲ, ಎಪ್ಪತ್ತು ವರ್ಷದ್ದು. ಅದರ ಕೆಳಗೆ ಮಟ್ಟಸವಾಗಿ ಕೂತ ಪಟ್ಟಿಗಳು ಬಲಕ್ಕೆ ವಾಲಿದಂತೆ ಕಾಣುತ್ತಿವೆ. ಮತ್ತೆ ಬೋಲ್ಟು ಸಡಿಲವಾಗುತ್ತವೆ. ಎಡಗಡೆಯ ಮೇಲಿನ ಪಟ್ಟಿ ಬಾನೆಟ್ಟಿನ ವಾಲಿಗೆ ತಕ್ಕಂತೆ ಮುಕ್ಕಾಲು ನೂಲು ಇಳಿಯುತ್ತದೆ, ಎರಡನೆಯದು ಅದಕ್ಕಿಂತ ಕಡಿಮೆ, ಮೂರನೆಯದು ಇನ್ನೂ ಕಡಿಮೆ, ಕೆಳಗಿನದು ಇದ್ದಲ್ಲೇ. “ಒಂದೇ ಕಡೆ ಇಟ್ಟರೆ ತಪ್ಪು ಸಾರ್,” ಎನ್ನುತ್ತಾರೆ ಸ್ಪ್ಯಾನರ್ ಒರೆಸುತ್ತಾ. “ನಾಲ್ಕು ಸಂದಿಗೆ ಹಂಚಿದ್ರೆ ಯಾರಿಗೂ ಕಾಣಲ್ಲ.” ಈಗ ಟೇಪು ಹಿಡಿದರೆ ಒಂದು ಸಂದೂ ಇನ್ನೊಂದರ ಹಾಗಿಲ್ಲ. ದೂರ ನಿಂತು ನೋಡಿದರೆ ಹಸಿರಿನ ನಡುವೆ ಬಿಳಿ ನಾಲ್ಕು ಗೆರೆ, ಹೆಡ್‌ಲೈಟಿನಿಂದ ಹೆಡ್‌ಲೈಟಿಗೆ, ಬಾನೆಟ್ಟಿನ ಜತೆಜತೆಗೇ ಹೋಗುತ್ತವೆ.

ಗೌಡರು ಬಂದು ಗಾಡಿಯ ಸುತ್ತ ಒಂದು ಸುತ್ತು ಹಾಕಿ ಮುಂದೆ ಬಂದು ನಿಲ್ಲುತ್ತಾರೆ. ಗ್ರಿಲ್ಲಿನ ಬಗ್ಗೆ ಒಂದು ಮಾತಿಲ್ಲ. ಅವರ ಕಣ್ಣು ಅದರ ಕೆಳಗೆ ಹೋಗಿದೆ.

“ಮೇಸ್ತ್ರಿ, ಈ ಬಂಪರ್ ಯಾಕೆ ಸೊಟ್ಟ ಆಯ್ತು?”

“ಅದು ಯಾವತ್ತೂ ಸೊಟ್ಟಾನೇ ಇತ್ತು ಗೌಡ್ರೆ. ಈಗ ಕಾಣ್ತಾ ಇದೆ.”

ಗೌಡರು ಬಗ್ಗಿ ನೋಡುತ್ತಾರೆ, ಎದ್ದು ನಿಂತು ಹಿಂದೆ ಸರಿಯುತ್ತಾರೆ, ತಾವೂ ಒಂದು ಕಣ್ಣು ಮುಚ್ಚುತ್ತಾರೆ. “ಬಿಚ್ಚೋಕೆ ಎಷ್ಟಾಗುತ್ತೆ?”

ಹುಡುಗ ಆಗಲೇ ಇಂಚಿನ ಸ್ಪ್ಯಾನರುಗಳ ಪೆಟ್ಟಿಗೆ ಎತ್ತಿಕೊಂಡು ಬರುತ್ತಿದ್ದಾನೆ.